ಲೇಟೆಸ್ಟ್ ಟೈಲರ್ಸ್

ನಾನು ಒಂದು ಬೋರ್ಡು. ನಾಮಫಲಕ ಎಂದರೂ ಬೇಡ ಅನ್ನುವುದಿಲ್ಲ, ಆದರೆ ಇದುವರೆಗೆ ಯಾರೂ ಹಾಗೆ ಕರೆದಿಲ್ಲ. ನಾನು ಹುಟ್ಟಿದ್ದು ಕಡಲೆಕಾಯಿ ಎಣ್ಣೆಯ ಡ್ರಮ್ಮಾಗಿ. ಎಣ್ಣೆ ಮುಗಿದ ಮೇಲೆ ಗುಜರಿಯವರು ನನ್ನನ್ನು ಸೀಳಿ, ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರು. ಬಿಸಿಲು ಜೋರಾದಾಗ ಈಗಲೂ ನನ್ನ ಬೆನ್ನಿನಿಂದ ಸಣ್ಣಗೆ ಎಣ್ಣೆಯ ವಾಸನೆ ಬರುತ್ತದೆ. ತವರಿನ ನೆನಪು ಅಂತ ನನಗೆ ಉಳಿದಿರುವುದು ಅಷ್ಟೇ.

ನನಗೆ ಅಕ್ಷರ ಬರೆದವನು ಪೇಂಟರ್ ಚಂದ್ರಪ್ಪ. ಬರೆಸಿದವನು ದರ್ಜಿ ಪಾಂಡುರಂಗ ರಾವ್, ಪೇಟೆಬೀದಿಯ ಬಾಯಲ್ಲಿ ಪಾಂಡಣ್ಣ. ಎದುರು ಸಾಲಿನಲ್ಲಿ ಯಾರೋ ‘ನ್ಯೂ ಟೈಲರ್ಸ್’ ಅಂತ ಅಂಗಡಿ ತೆರೆದು ಪಾಂಡಣ್ಣನ ನಿದ್ದೆ ಕೆಡಿಸಿದ್ದರು.

"ಅವ್ನು ನ್ಯೂ ಅಂದ್ರೆ ನಾನೇನಂತ ಹಾಕ್ಸ್ಲಿ ಚಂದ್ರಪ್ಪಾ? ನ್ಯೂಗಿಂತ ನ್ಯೂ ಯಾವ್ದೈತೆ?"

ಚಂದ್ರಪ್ಪ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು ಯೋಚಿಸಿದ. "ಲೇಟೆಸ್ಟ್ ಅಂತ ಬರೀತೀನಿ ಬಿಡು. ಬೆಂಗ್ಳೂರಾಗೆ ಈಗ ಎಲ್ಲ ಅದೇ ಅಂತಾರೆ."

ಹಳದಿ ಮೈಮೇಲೆ ಕೆಂಪು ಇಂಗ್ಲಿಷ್ ಅಕ್ಷರಗಳು ಬಂದವು. ಮೇಲಿನ ಸಾಲಿನಲ್ಲಿ ಲೇಟೆಸ್ಟ್ ಟೈಲರ್ಸ್. ಕೆಳಗಿನ ಸಾಲಿನಲ್ಲಿ ಪಾಂಡುರಂಗ ರಾವ್, ಅದರ ಹಿಂದೆ ಇರುವೆಯಷ್ಟು ಸಣ್ಣದಾಗಿ ಪ್ರೊಪ್ರೈಟರ್. ಬರೆದವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬರೆಸಿದವನಿಗೂ ಬರುತ್ತಿರಲಿಲ್ಲ. ನನ್ನ ಮಾತು ಬಿಡಿ, ನಾನು ಎಣ್ಣೆ ಡ್ರಮ್ಮು. ಅಂತೂ ಮೂವರೂ ಆ ಒಂದು ಪದವನ್ನು ನೆಚ್ಚಿಕೊಂಡು ಬೀಗಿದೆವು.

ನನ್ನನ್ನು ಮೊದಲು ಅರ್ಥ ತಿಳಿದು ಓದಿದವರು ಪಂಕಜಾಕ್ಷಿ ಟೀಚರ್, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದವರು. ಕೊಡೆಯನ್ನು ನೆಲಕ್ಕೂರಿ ನನ್ನತ್ತ ಕತ್ತೆತ್ತಿ ನೋಡಿದರು.

"ಪಾಂಡಣ್ಣ, ಬೋರ್ಡು ಬಹಳ ಪ್ರಾಮಾಣಿಕವಾಗಿದೆ."

"ಅಂದ್ರೆ ಟೀಚರಮ್ಮ?"

"ಲೇಟ್, ಲೇಟರ್, ಲೇಟೆಸ್ಟ್. ನಮ್ಮಕ್ಕನ ಮಗು ನಾಮಕರಣಕ್ಕೆ ಪುರೋಹಿತರು ತಡವಾಗಿ ಬಂದ್ರು, ಅದು ಲೇಟ್. ಅಡಿಗೆಯವರು ಅವರಿಗಿಂತ ತಡ, ಲೇಟರ್. ಆ ನಾಮಕರಣಕ್ಕೆ ಅಂತ ನಿಮಗೆ ಕೊಟ್ಟ ರವಿಕೆ ಇನ್ನೂ ಬಂದೇ ಇಲ್ಲ. ಅದು ಲೇಟೆಸ್ಟ್."

ಪಕ್ಕದ ಬಳೆ ಅಂಗಡಿಯ ಜೈನಾಬಿ ಕಿಸಕ್ಕನೆ ನಕ್ಕಳು. ಪಾಂಡಣ್ಣನ ಮುಖ ಹಿಂಡಿದ ಬಟ್ಟೆಯಾಯಿತು. ಟೀಚರಿಗೆ ಪಾಪ ಅನ್ನಿಸಿರಬೇಕು.

"ಬೇಜಾರು ಮಾಡ್ಕೋಬೇಡಿ, ಒಳ್ಳೇ ಅರ್ಥವೂ ಇದೆ. ಇಲ್ಲೀವರೆಗೆ ಬಂದಿರೋದ್ರಲ್ಲಿ ಎಲ್ಲಕ್ಕಿಂತ ಹೊಸದು ಅಂತ. ಆದರೆ ಹುಷಾರು, ಇವತ್ತಿನ ಲೇಟೆಸ್ಟ್ ನಾಳೆಗೆ ಲೇಟೆಸ್ಟ್ ಅಲ್ಲ. ಅದಕ್ಕಿಂತ ಹೊಸದು ಬಂದ ಕೂಡಲೇ ಅದು ಹಳೇದು."

ಹೇಳಿ ಅವರು ಹೋದರು. ಆ ಮಾತು ಪಾಂಡಣ್ಣನ ತಲೆಯೊಳಗೆ ಹೊಕ್ಕಿದ್ದು ಹೊರಗೆ ಬರಲಿಲ್ಲ. ಪದಕ್ಕೆ ಮೂರನೆಯ ಅರ್ಥವೂ ಒಂದಿತ್ತು. ಆಗ ಅದು ಯಾರಿಗೂ ಬೇಕಿರಲಿಲ್ಲ.

ಪಾಂಡಣ್ಣ ಸೋಮಾರಿಯಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಕೈಗುಣ ಚೆನ್ನಾಗಿತ್ತು, ಬಾಯಿಗೆ ಮಾತ್ರ ‘ಆಗಲ್ಲ’ ಅನ್ನಲು ಬರುತ್ತಿರಲಿಲ್ಲ. ಬಂದ ಬಟ್ಟೆಯನ್ನೆಲ್ಲ ಇಟ್ಟುಕೊಳ್ಳುತ್ತಿದ್ದ, ಕೇಳಲು ಬಂದವರಿಗೆಲ್ಲ "ಹುಕ್ ಒಂದೇ ಬಾಕಿ, ನಾಳೆ ಬನ್ನಿ" ಅನ್ನುತ್ತಿದ್ದ. ಆ ಕಾಲದಲ್ಲಿ ದೆವ್ವ ಒಳಗೆ ಬರದಿರಲಿ ಅಂತ ಊರವರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಪಾಂಡಣ್ಣ ಗಿರಾಕಿಗಳಿಗೆ ಅದನ್ನೇ ಬಾಯಲ್ಲಿ ಹೇಳುತ್ತಿದ್ದ. ಜೋರಿನ ಗಿರಾಕಿ ದೂರದಲ್ಲಿ ಕಂಡರೆ ಕತ್ತರಿಸುವ ಮೇಜಿನ ಕೆಳಗೆ ತೂರಿಬಿಡುತ್ತಿದ್ದ. "ಈಗ್ತಾನೇ ಹೋದ್ರು" ಅನ್ನುವುದು ಜೈನಾಬಿಯ ಕೆಲಸ. ಅದಕ್ಕೆ ಪ್ರತಿಯಾಗಿ ಅವಳ ಮನೆಯ ಕುಪ್ಪಸಗಳನ್ನೆಲ್ಲ ಪಾಂಡಣ್ಣ ಪುಕ್ಕಟೆ ಹೊಲಿದುಕೊಡುತ್ತಿದ್ದ, ಅವೂ ತಡವಾಗಿಯೇ.

ಹೀಗಿರುವಾಗ ಪಂಕಜಾಕ್ಷಿ ಟೀಚರಿಗೆ ಮದುವೆ ಗೊತ್ತಾಯಿತು. ಗಂಡು ರಾಯಚೂರಿನ ಕಡೆ ಕೆಲಸದಲ್ಲಿದ್ದವರು. ಟೀಚರ್ ನವಿಲುಬಣ್ಣದ ರೇಷ್ಮೆಯ ಒಂದು ತುಂಡು ತಂದರು. ಜೊತೆಗೆ ತೀರಿಹೋದ ಅಮ್ಮನ ಧಾರೆ ಸೀರೆಯಿಂದ ಬಿಡಿಸಿದ ಜರಿಯಂಚು.

"ಪಾಂಡಣ್ಣ, ನಮ್ಮಮ್ಮ ಮಂಟಪದಲ್ಲಿ ನನ್ನ ಜೊತೆ ಇರಬೇಕು. ಅದಕ್ಕೆ ಈ ಅಂಚು. ಬೇರೆಯವರ ಕೈಗೆ ಕೊಡೋಕೆ ನನಗೆ ಮನಸ್ಸಿಲ್ಲ. ಮುಹೂರ್ತಕ್ಕೆ ಮುಂಚೆ ಕೊಡ್ತೀರಿ ತಾನೆ?"

ಪಾಂಡಣ್ಣ ಎದೆ ಮುಟ್ಟಿಕೊಂಡು ಒಪ್ಪಿಕೊಂಡ. ಈ ಒಂದು ರವಿಕೆ ಹೊತ್ತಿಗೆ ಸರಿಯಾಗಿ ಮುಟ್ಟಿಸಿದರೆ ನನ್ನ ಹೆಸರು ಉಳಿಯಿತು ಅಂತ ಜೈನಾಬಿಯ ಹತ್ತಿರವೂ ಹೇಳಿದ. ನಂಬಿ, ಅಂದುಕೊಂಡಿದ್ದಕ್ಕಿಂತ ಬೇಗನೆ ಮುಗಿಸಿಯೂ ಬಿಟ್ಟ. ಸಾದಾ ಗಿಡ್ಡ ತೋಳು, ಅಂಚು ಕೂಡಿಸಿದ್ದು ಮುಟ್ಟಿದರೂ ತಿಳಿಯದಂಥ ಹೊಲಿಗೆ. ಅಷ್ಟಕ್ಕೇ ಕೊಟ್ಟುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಎದುರಿನ ಗೋಡೆಗೆ ಹೊಸ ಸಿನಿಮಾದ ಪೋಸ್ಟರ್ ಬಿತ್ತು. ನಾಯಕಿಯ ರವಿಕೆಗೆ ಮೊಣಕೈವರೆಗಿನ ತೋಳು. ಪಾಂಡಣ್ಣ ಪೋಸ್ಟರನ್ನು ನೋಡಿದ, ನನ್ನನ್ನು ನೋಡಿದ. ‘ಅದಕ್ಕಿಂತ ಹೊಸದು ಬಂದ ಕೂಡಲೇ ಅದು ಹಳೇದು.’ ಹೊಲಿಗೆ ಬಿಚ್ಚಿದ. ಉದ್ದ ತೋಳು ಮುಗಿಯುವ ಹೊತ್ತಿಗೆ ಅದೇ ಗೋಡೆಯ ಮೇಲೆ ಇನ್ನೊಂದು ಪೋಸ್ಟರ್, ಈ ಸಲದ ನಾಯಕಿಗೆ ಪಫ್ ತೋಳು. ಮತ್ತೆ ಬಿಚ್ಚಿದ. ಕೇಳಲು ಬಂದ ಟೀಚರಿಗೆ "ಹುಕ್ ಒಂದೇ ಬಾಕಿ" ಅಂದ. ಗೋಡೆಗೆ ಪೋಸ್ಟರ್ ಅಂಟಿಸುವವನ ಮೇಲೆ ನನಗೆ ಬಂದಷ್ಟು ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ. ಕೂಗಿ ಹೇಳೋಣವೆಂದರೆ ನನಗಿರುವುದು ಒಂದೇ ಪದ, ತಪ್ಪಿಗೆಲ್ಲ ಮೂಲವೂ ಅದೇ.

ಪಫ್ ತೋಳಿನ ರವಿಕೆ ಸಿದ್ಧವಾದಾಗ ಛತ್ರದಲ್ಲಿ ಗಟ್ಟಿಮೇಳ ಮುಗಿದಿತ್ತು. ಟೀಚರ್ ಯಾರದೋ ಕೆಂಪು ರವಿಕೆ ತೊಟ್ಟು ಧಾರೆಗೆ ಕೂತರಂತೆ. ಪಾಂಡಣ್ಣ ರವಿಕೆ ಹಿಡಿದು ಛತ್ರಕ್ಕೆ ಓಡಿದ, ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಓಡಿದ. ಬಸ್ಸು ಹೊರಟಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ವಾಪಸು ಬಂದು ನನ್ನ ಕೆಳಗೆ ಮೆಟ್ಟಿಲ ಮೇಲೆ ಕೂತು, ಬೀದಿಯವರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ ಅತ್ತ.

ಆ ರವಿಕೆಗೆ ನಿಜಕ್ಕೂ ಹುಕ್ ಒಂದೇ ಬಾಕಿ ಇತ್ತು. ಪಾಂಡಣ್ಣ ಅದನ್ನು ಹಾಕಲಿಲ್ಲ.

"ಅದೊಂದು ಹಾಕಿ ಎತ್ತಿಡ್ರೀ ಮತ್ತೆ," ಅಂದಳು ಜೈನಾಬಿ.

"ಹಾಕಿದ್ರೆ ಕೆಲ್ಸ ಮುಗೀತು ಜೈನಾಬಿ. ಮುಗಿದ ಮೇಲೆ ಕೊಡೋಕಾಗ್ದಿದ್ರೆ ಅದು ಮೋಸ. ಬಾಕಿ ಇದ್ರೆ ಬರೀ ಲೇಟು."

ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಲಿನ ಕಪಾಟಿನಲ್ಲಿ ಇಟ್ಟ.

ವರ್ಷಗಳು ಉರುಳಿದವು. ರೆಡಿಮೇಡ್ ಬಂತು. ಎದುರಿನ ನ್ಯೂ ಟೈಲರ್ಸ್ ಹಳೆಯದಾಗಿ ಮುಚ್ಚಿಹೋಯಿತು. ಜೈನಾಬಿಗೆ ಕಿವಿ ಮಂದವಾಯಿತು, ಪಾಂಡಣ್ಣನಿಗೆ ಕಣ್ಣು. ನನಗೆ ತುಕ್ಕು. ಸೂರಿನ ನೀರು ಸರಿಯಾಗಿ ಓದುವವರ ಬಲಕ್ಕಿರುವ ನನ್ನ ಭುಜಕ್ಕೆ ಸುರಿದು ಮೇಲಿನ ಸಾಲಿನ ‘ಟೈಲರ್ಸ್’ ತಿಂದುಹಾಕಿತು. ಆಮೇಲೆ ಲೇಟೆಸ್ಟಿನ ಕೊನೆಯ ಎರಡಕ್ಷರಕ್ಕೆ ಬಾಯಿ ಹಾಕಿತು. ಇರುವೆಯಂಥ ಪ್ರೊಪ್ರೈಟರ್ ಎಂದೋ ಮಾಸಿಹೋಗಿತ್ತು. ಉಳಿದದ್ದು ಲೇಟ್, ಅದರ ಕೆಳಗೆ ಪಾಂಡುರಂಗ ರಾವ್. ಅಂದರೆ, ದಿವಂಗತ. ಬದುಕಿರುವ ಯಜಮಾನನ ತಲೆಯ ಮೇಲೆ ಅವನ ಸಾವಿನ ಸುದ್ದಿ ಹೊತ್ತು ನಿಲ್ಲುವ ಗತಿ ಯಾವ ಬೋರ್ಡಿಗೂ ಬೇಡ.

ಮೊನ್ನೆ ಶ್ರಾವಣದಲ್ಲಿ ಒಂದು ಬೆಳಗ್ಗೆ ಬೀದಿಯ ತುದಿಯಲ್ಲಿ ಕೊಡೆಯೂರಿಕೊಂಡು ಬರುವ ಒಬ್ಬ ಹೆಂಗಸು ಕಂಡರು. ಪಕ್ಕದಲ್ಲಿ ಮಗಳು. ನಡಿಗೆ ನೋಡಿದ್ದೇ ತಡ, ಪಾಂಡಣ್ಣ ಈ ವಯಸ್ಸಿನಲ್ಲೂ ಸರಕ್ಕನೆ ಮೇಜಿನ ಕೆಳಗೆ ಸೇರಿಕೊಂಡ.

ಪಂಕಜಾಕ್ಷಿ ಟೀಚರ್ ನನ್ನ ಮುಂದೆ ನಿಂತು ಕತ್ತೆತ್ತಿದರು. ಓದಿದರು. ಕೈ ಬಾಯಿಗೆ ಹೋಯಿತು. ಮೆಲ್ಲಗೆ ಬಳೆ ಅಂಗಡಿಯತ್ತ ತಿರುಗಿದರು.

"ಯಾವಾಗ ಹೋದರಮ್ಮ?"

ಜೈನಾಬಿ ಹಳೆಯ ಪಾಠ ಒಪ್ಪಿಸಿದಳು. "ಈಗ್ತಾನೇ ಹೋದ್ರು."

"ಈಗ್ತಾನೇನಾ? ಏನಾಗಿತ್ತು?"

"ಏನೂ ಆಗಿರ್ಲಿಲ್ಲ, ಚೆನ್ನಾಗೇ ಕೂತಿದ್ರು. ನಿಮ್ಮನ್ನ ನೋಡಿದ್ರು, ಹೋದ್ರು."

"ಅಮ್ಮಾ, ಬೋರ್ಡಿಗೇ ಇಷ್ಟು ತುಕ್ಕು ಹಿಡಿದಿದೆ, ಹೋಗಿ ಎಷ್ಟೋ ವರ್ಷ ಆಗಿರುತ್ತೆ. ಈ ಅಜ್ಜಿಗೆ ಮರೆವು," ಎಂದಳು ಮಗಳು.

ಟೀಚರ್ ಮೆಟ್ಟಿಲ ಮೇಲೆ ಕುಸಿದು ಕೂತರು, ಅಂದು ಪಾಂಡಣ್ಣ ಕೂತ ಜಾಗದಲ್ಲೇ. "ಅಂಥ ಕೈ ಇನ್ನೊಬ್ಬರದಿಲ್ಲ ಕಣೇ. ಇವರು ಹೊಲಿದ ರವಿಕೆ ತೊಟ್ಟರೆ ಮೈಮೇಲಿದೆ ಅನ್ನೋದೇ ಮರೆತುಹೋಗೋದು. ಮದುವೆ ದಿನ ಬಸ್ಸಿನ ಹಿಂದೆ ಓಡಿ ಬರ್ತಾ ಇದ್ದರು, ನಾನು ಕಿಟಕಿಯಿಂದ ನೋಡಿದೆ. ನಿಲ್ಲಿಸಿ ಅಂದಿದ್ದರೆ ಬಸ್ಸು ನಿಲ್ತಿತ್ತು. ಕೋಪ, ಮುಖ ತಿರುಗಿಸ್ಕೊಂಡೆ. ಒಳ್ಳೇ ಮನುಷ್ಯ. ಒಂದು ಮಾತು ಹೇಳಿ ಹೋಗೋಣ ಅಂತ ಬಂದರೆ, ಈಗ ನಾನೇ ಲೇಟು."

ಇಷ್ಟು ಹೊಗಳಿಕೆ ಕೇಳಬೇಕಾದರೆ ಸಾಮಾನ್ಯವಾಗಿ ಜನ ಸಾಯಬೇಕಾಗುತ್ತದೆ. ಪಾಂಡಣ್ಣ ಮೇಜಿನ ಕೆಳಗೆ ಬಟ್ಟೆ ಚೂರಿನಿಂದ ಕಣ್ಣೊರೆಸಿಕೊಂಡ. ಆಮೇಲೆ ತೆವಳುತ್ತ ಹೊರಬಂದು ಕಪಾಟಿಗೆ ಕೈಹಾಕಿದ. ಮೈಗೆಲ್ಲ ದಾರದ ಎಳೆ, ತಲೆಗೆ ಧೂಳು, ಕೈಯಲ್ಲಿ ಬಿಳಿ ಗಂಟು. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಟೀಚರಮ್ಮ, ಹುಕ್ ಒಂದೇ ಬಾಕಿ."

ಟೀಚರ್ ತಿರುಗಿ ನೋಡಿ ಚೀರಿದರು. ಅವರು ಕಲಿತ ಇಂಗ್ಲಿಷೆಲ್ಲ ಎಲ್ಲಿಗೆ ಹೋಯಿತೋ. ಕೊಡೆಯನ್ನು ಮುಂದೆ ಹಿಡಿದು "ನಾಳೆ ಬಾ! ನಾಳೆ ಬಾ!" ಎಂದು ಕೂಗಿದರು.

"ಇಲ್ಲ ಟೀಚರಮ್ಮ," ಅಂದ ಪಾಂಡಣ್ಣ. "ನಾಳೆ ಬೇಡ. ಇವತ್ತೇ ಕೊಡ್ತೀನಿ."

ಆ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಗಳು ಅಮ್ಮನಿಗೆ ನೀರು ಕುಡಿಸಿದಳು. ಪಾಂಡಣ್ಣ ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡುತ್ತಿದ್ದಾಗ ಟೀಚರೇ ಇಸಿದುಕೊಂಡು ಪೋಣಿಸಿಕೊಟ್ಟರು. ಅವರ ಕಣ್ಣೆದುರಿಗೇ ಹುಕ್ ಬಿತ್ತು. ಟೀಚರ್ ರವಿಕೆ ಬಿಡಿಸಿ ಹಿಡಿದು, ಅಮ್ಮನ ಅಂಚನ್ನು ಸವರಿದರು.

"ಈಗ ನನಗೆಲ್ಲಿ ಹಿಡಿಸುತ್ತೆ ಪಾಂಡಣ್ಣ?"

"ಹಿಡಿಸ್ತೈತೆ. ಒಳಗೆ ಬಟ್ಟೆ ಬಿಟ್ಟಿದೀನಲ್ಲ, ಬಿಚ್ಕೊಟ್ರೆ ಆಯ್ತು."

ಮಗಳು ತೋಳು ಹಿಡಿದು ನೋಡಿ ಕಣ್ಣರಳಿಸಿದಳು. "ಅಮ್ಮಾ, ಪಫ್ ತೋಳು! ಈಗ ಎಲ್ಲಾ ಕಡೆ ಇದೇ ಲೇಟೆಸ್ಟು!"

ಪಾಂಡಣ್ಣ ನನ್ನತ್ತ ನೋಡಿದ. ಎಣ್ಣೆ ಡ್ರಮ್ಮಿಗೆ ರೋಮಾಂಚನವಾಗುವುದುಂಟೇ ಅಂತ ಕೇಳಬೇಡಿ. ಆಯಿತು.

ಹೊರಡುವಾಗ ಟೀಚರ್ ಕೊಡೆಯ ತುದಿಯಿಂದ ನನ್ನನ್ನು ತಟ್ಟಿದರು. "ಆ ಎಸ್ಸು, ಟೀ ಎರಡೂ ಮೊದಲು ಬರೆಸಿ. ಅದಿಲ್ಲದೆ ನೋಡಿ ಎಂಥ ಅನರ್ಥ." ಪಾಂಡಣ್ಣ ಎದೆ ಮುಟ್ಟಿಕೊಂಡು ಒಪ್ಪಿಕೊಂಡ.

ನನ್ನನ್ನು ಆವತ್ತೇ ಕೆಳಗಿಳಿಸಿದ. ಜಾಗ ಖಾಲಿ ಕಾಣಬಾರದೆಂದು ಸದ್ಯಕ್ಕೆ ಒಂದು ಫ್ಲೆಕ್ಸ್ ಕಟ್ಟಿದ. ಈಗ ನಾನು ಅಂಗಡಿಯೊಳಗೆ, ಇಸ್ತ್ರಿ ಮೇಜಿನ ಹಿಂದೆ, ಗೋಡೆಗೆ ಒರಗಿ ನಿಂತಿದ್ದೇನೆ. ಮಳೆಯಿಲ್ಲ, ಬಿಸಿಲಿಲ್ಲ. ಹೊಲಿಯಲು ಬಂದ ಬಟ್ಟೆಗಳ ಗಂಟು ನನ್ನ ಅಕ್ಕಪಕ್ಕ. ದಿನಾ ಬೆಳಗ್ಗೆ ಪಾಂಡಣ್ಣ ಬಂದು ನನ್ನ ಧೂಳು ಒರೆಸುತ್ತಾನೆ, ತುಕ್ಕಿನ ಮೇಲೆ ಬೆರಳಾಡಿಸುತ್ತಾನೆ, ಪ್ರೀತಿಯಿಂದಲೇ ಹೇಳುತ್ತಾನೆ.

"ಎಲ್ಡಕ್ಷರ ಒಂದೇ ಬಾಕಿ. ನಾಳೆ ಬರೆಸಿಬಿಡ್ತೀನಿ."

ನಾನು ನಂಬಿದ್ದೇನೆ.