ಮೊಳೆಯಲ್ಲಿ ಗೀಚಿದ ನಂಬರು

"ಬೇವರ್ಸಿ ನನ್ಮಗನೆ, ಯಾರ ನಂಬರಲ್ಲಿ ಮೆರೀತಿದ್ದೀಯೋ? ತೆಗಿ ಸಿಮ್ಮು!"

ಯಜಮಾನನ ಕೂಗಿಗೆ ಅಂಗಡಿಯಲ್ಲಿ ದಾರದುಂಡೆ ಆರಿಸುತ್ತಿದ್ದ ಹೆಂಗಸರು ಕೈ ತಡೆದು ನೋಡಿದರು. ಹೊಲಿಗೆ ಮೆಷೀನಿಗೆ ಬೆಲ್ಟು ಹಾಕುತ್ತಿದ್ದ ರಿಪೇರಿಯವನ ಕಿವಿ ಕೆಂಪಾಯಿತು. ಕಡ್ಡಿಯಂಥ ಮೈ; ಬೀದಿಯವರೆಲ್ಲ ಅವನನ್ನು ಸೂಜಿ ಎಂದೇ ಕರೆಯುತ್ತಿದ್ದರು.

ಕಿಡಿ ಹತ್ತಿದ್ದು, ಹೊಸ ಬೆಲ್ಟಿಗೆಂದು ಇವತ್ತು ಮೆಷೀನನ್ನೇ ಹೊತ್ತು ತಂದಿದ್ದ ಗಿರಾಕಿ ಅಕ್ಕನ ಮಾತಿಗೆ. ಮನೆಯಲ್ಲೇ ಶಾಲೆಯ ಅಂಗಿ ಹೊಲಿದು ಬದುಕುವವಳು. "ಈ ತಮ್ಮಂಗೆ ಫೋನ್ ಮಾಡಿದ್ರೆ ಆಯ್ತು, ಓಡಿ ಬರ್ತಾನೆ. ಇಲ್ಲೊಂದು ಅಂಗಡಿ ಇದೆ ಅಂತಾನೇ ಗೊತ್ತಿರ್ಲಿಲ್ಲ ನಂಗೆ," ಎಂದು ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದಳು. ಅಂಗಡಿ ಯಜಮಾನನಿಗೆ ಅದು ಮುಳ್ಳಾಗಿ ಚುಚ್ಚಿತು.

ಊರಿಗೆ ಹೊಸದಾಗಿ ಬಂದಾಗ ಸೂಜಿ ಮಲಗುತ್ತಿದ್ದುದು ಇದೇ ಅಂಗಡಿಯ ಮೆಟ್ಟಿಲ ಮೇಲೆ. ವಿಳಾಸವೇ ಇಲ್ಲದವನಿಗೆ ಸಿಮ್ಮು ಯಾರು ಕೊಡುತ್ತಾರೆ? ಯಜಮಾನ ತನ್ನ ಹೆಸರಿನಲ್ಲಿ ತೆಗೆಸಿಕೊಟ್ಟಿದ್ದ. ಆಗ ದೇವರಂತೆ ಕಂಡಿದ್ದ. ಅಂದಿನಿಂದ ಸೂಜಿ ಬಿಚ್ಚಿದ ಪ್ರತಿ ಮೆಷೀನಿನ ಅಡಿಗೂ ಮೊಳೆಯಿಂದ ಆ ನಂಬರು ಗೀಚುತ್ತಾ ಬಂದ. ಚೀಟಿ ಕಿತ್ತುಹೋಗುತ್ತದೆ, ಕಬ್ಬಿಣ ಮರೆಯುವುದಿಲ್ಲ. ಮೆಟ್ಟಿಲ ಮೇಲೆ ಯಜಮಾನನ ಕರೆಗೆ ಕಾಯುತ್ತಿದ್ದವನಿಗೆ ಈಗ ಊರೇ ಕರೆ ಮಾಡುತ್ತಿತ್ತು.

"ಸೂಜಿ ನುಸುಳ್ಕೊಂಡು ಮುಂದೆ ಹೋಗಿದೆ, ದಾರ ಮಾತ್ರ ನಿಮ್ಮ ಕೈಲಿದೆ ಬಿಡಿ ಯಜಮಾನ್ರೇ," ಎಂದು ಒಬ್ಬ ಗಿರಾಕಿ ನಕ್ಕ.

"ಅಣ್ಣಾ, ಗಿರಾಕಿಗಳ ಹೆಸರು, ನಂಬರೆಲ್ಲ ಸಿಮ್ಮಲ್ಲೇ ಇದಾವೆ," ಎಂದ ಸೂಜಿ. ಅಗ್ಗದ ಹಳೇ ಫೋನು ಯಾವಾಗ ಸಾಯುತ್ತದೋ ಎಂದು ಹೆದರಿ ಎಲ್ಲವನ್ನೂ ಸಿಮ್ಮಿನಲ್ಲೇ ಇಟ್ಟಿದ್ದ. "ಅವನ್ನ ಬರ್ಕೊಂಡು ಕೊಡ್ತೀನಿ. ಒಂದು ಗಳಿಗೆ."

"ನನ್ನ ಸಿಮ್ಮಲ್ಲಿರೋದು ನಿಂದು ಹೆಂಗಾಗುತ್ತೋ ಬೋಳಿಮಗನೆ? ಕೊಡ್ತೀಯೋ, ಪೊಲೀಸರನ್ನ ಕರೀಲೋ?"

ಸೂಜಿ ಕೊಟ್ಟ. ಯಜಮಾನ ಅದನ್ನು ತನ್ನ ಫೋನಿಗೆ ಹಾಕಿ ಮುಚ್ಚಳ ಒತ್ತಿದ್ದೇ ತಡ, ಫೋನು ಹೊಡೆದುಕೊಂಡಿತು.

"ಹೇಳಿ ತಾಯಿ... ಸೂಜಿನಾ? ಅವ್ನು ನಮ್ಮ ಕೂಲಿಯವನು. ಇನ್ಮೇಲೆ ಏನಿದ್ರೂ ನಂಗೇ ಹೇಳಿ, ಯಾರನ್ನಾದ್ರೂ ಕಳಿಸ್ತೀನಿ."

ಮಾತಾಡುತ್ತಲೇ ಸೂಜಿಯ ಮುಖ ನೋಡಿ ಕಣ್ಣು ಹೊಡೆದ.

ಸೂಜಿ ಚೀಲಕ್ಕೆ ಕೈ ಹಾಕಿ ಕಬ್ಬಿಣ ಉಜ್ಜುವ ಅರ ತೆಗೆದ. ಅಕ್ಕನ ಮೆಷೀನನ್ನು ಮಗುಚಿದ. ಗೀಚಿದ ಅಂಕಿಗಳ ಮೇಲೆ ಅರ ಕರಕರ ಆಡತೊಡಗಿತು. ಕರಿ ಬಣ್ಣ ಎದ್ದು ಕಬ್ಬಿಣದ ಪುಡಿ ಯಜಮಾನನ ಗಾಜಿನ ಕೌಂಟರಿನ ಮೇಲೆ ಉದುರಿತು.

"ಲೇ, ಲೇ! ಏನೋ ಅದು? ತಲೆಗಿಲೆ ಕೆಟ್ಟಿದ್ಯಾ?"

ಸೂಜಿ ಕೊನೆಯ ಅಂಕಿ ಅಳಿಸಿದ ಮೇಲೆ ಬೆರಳಿನಿಂದ ಸವರಿ ನೋಡಿದ. ನುಣುಪಾಗಿತ್ತು. ಊರಲ್ಲಿ ಇದೇ ನಂಬರು ಹೊತ್ತ ಮೆಷೀನುಗಳು ಇನ್ನೆಷ್ಟಿವೆಯೋ. ಗಿರಾಕಿಗಳ ಒಂದು ಫೋನ್ ನಂಬರೂ ಅವನಿಗೆ ಬಾಯಿಗೆ ಬರದು. ಬಾಗಿಲುಗಳು ಮಾತ್ರ ಒಂದೊಂದೂ ಗೊತ್ತು.

ಚೀಲ ಹೆಗಲಿಗೇರಿಸಿ, ಅರವನ್ನು ಕೈಯಲ್ಲೇ ಹಿಡಿದು ಮೆಟ್ಟಿಲಿಳಿದ.

"ಎಲ್ಲಿಗೋ ಲೋಫರ್?" ಎಂದು ಯಜಮಾನ ಕೂಗಿದ. ಅವನ ಅಂಗೈಯಲ್ಲಿ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು.

ಅಕ್ಕ ಹೊಸ್ತಿಲವರೆಗೆ ಓಡಿ ಬಂದಳು. "ತಮ್ಮಾ, ನಿಲ್ಲಪ್ಪಾ! ನಾಳೆ ನನ್ನ ಮೆಷೀನು ನಿಂತ್ರೆ ನಿನ್ನ ಎಲ್ಲಿ ಅಂತ ಹುಡುಕ್ಲಿ?"

ಸೂಜಿ ಮೆಷೀನಿನ ಸದ್ದು ಕೇಳುತ್ತಿದ್ದ ಮೊದಲ ಓಣಿಗೆ ತಿರುಗಿದ.