ಬಿಳಿ ಟೇಪು

"ನಾನು ನಿನ್ನಿಂದ ಏನಾದ್ರೂ ಮುಚ್ಚಿಟ್ಟಿದ್ದೀನೇನಪ್ಪ?" ಎಂದು ಅಮ್ವಾಕೊ ಮೇಸ್ತ್ರಿ ಎರಡನೆಯ ಸಲ ಕೇಳಿದಾಗ ಟ್ವೆನೆಯ ಕಣ್ಣಲ್ಲಿ ನೀರು ತುಂಬಿತ್ತು. ತಲೆಯ ಮೇಲೆ ಸುರಿದ ಪೌಡರು ಹುಬ್ಬಿನಿಂದ ಜಾರಿ ಕಣ್ಣಿಗೆ ಬಿದ್ದದ್ದೂ ಒಂದು ಕಾರಣ. ಆದರೆ ಅದೊಂದೇ ಅಲ್ಲ. ಕಲಿಯುವವನಾಗಿ ಬಂದವನು ಇವತ್ತು ಮೇಸ್ತ್ರಿಯಾಗಿ ಹೊರಡುತ್ತಿದ್ದ. ಅಳು ಬರದಿದ್ದರೆ ಅವನೇನು ಕಲ್ಲೇ?

"ಏನೂ ಇಲ್ಲ ಮೇಸ್ತ್ರಿ. ಎಲ್ಲಾ ಹೇಳ್ಕೊಟ್ಟಿದ್ದೀರಿ" ಎಂದ.

ಸುವಾಮೆಯ ಗ್ಯಾರೇಜು ಸಾಲಿನಲ್ಲಿ ಕೆಲಸ ಕಲಿತವನಿಗೆ ಬಿಡುಗಡೆ ಕೊಡುವುದು ಹೀಗೆಯೇ. ಬೇವಿನ ಮರದ ಕೆಳಗೆ ಹಿರಿಯರು ಕೂರುತ್ತಾರೆ, ತಲೆಗೆ ಪೌಡರು ಸುರಿಯುತ್ತಾರೆ, ಗುರು ಮೂರು ಸಲ ಅದೇ ಪ್ರಶ್ನೆ ಕೇಳುತ್ತಾನೆ, ಶಿಷ್ಯ ಮೂರು ಸಲ ಅದೇ ಉತ್ತರ ಕೊಡುತ್ತಾನೆ. ಆಮೇಲೆ ಸತ್ತ ಹಿರಿಯರ ಹೆಸರು ಹೇಳಿ, ಅವರು ಕುಡಿಯಲೆಂದು ಜಿನ್ ಮದ್ಯವನ್ನು ನೆಲಕ್ಕೆ ಬಿಡುತ್ತಾರೆ. ಬಿಟ್ಟ ಮೇಲೆ ಆಡಿದ ಮಾತು ಕಲ್ಲಿನಲ್ಲಿ ಕೊರೆದಂತೆ. ಅದನ್ನು ಅಲ್ಲಗಳೆಯುವವನು ಸತ್ತವರ ಮುಖಕ್ಕೆ ಉಗಿದ ಹಾಗೆ. ಅಂಥವನಿಗೆ ಸುವಾಮೆಯಲ್ಲಿ ನಿಲ್ಲಲು ನೆರಳೂ ಸಿಗುವುದಿಲ್ಲ.

ಮೂರನೆಯ ಸಲವೂ ಟ್ವೆನೆ ಇಲ್ಲವೆಂದ. ಮನಸಾರೆ ಅಂದ. ಮೇಸ್ತ್ರಿಗೆ ಊಟ ತಂದು ಕೊಟ್ಟು, ಸಂಜೆ ಕಸ ಗುಡಿಸಿ, ಬೈಸಿಕೊಂಡು, ಕಿವಿ ಹಿಂಡಿಸಿಕೊಂಡು ಕಲಿತ ವಿದ್ಯೆ. ಗೇರ್‌ಪೆಟ್ಟಿಗೆ ಬಿಚ್ಚಿ ಹರಡಿದರೆ ಕಣ್ಣು ಮುಚ್ಚಿ ಜೋಡಿಸಬಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಯಾವ ವಾಲ್ವು ಕೆಟ್ಟಿದೆ ಎನ್ನಬಲ್ಲ. ಗೊತ್ತಿಲ್ಲದ್ದೊಂದು ಇದೆ ಎನ್ನುವುದೇ ಗೊತ್ತಿಲ್ಲದವನು ಇನ್ನೇನು ಹೇಳಿಯಾನು! ಜಿನ್ನು ಮಣ್ಣಿಗೆ ಇಂಗಿತು. ಅಮ್ವಾಕೊ ಅವನನ್ನು ತಬ್ಬಿಕೊಂಡು, ಎಲ್ಲರಿಗೂ ಕೇಳುವಂತೆ, ತನ್ನ ಬಲಗೈ ಹೋದಂತಾಯಿತು ಎಂದ. ಅದು ಮಾತ್ರ ಸುಳ್ಳಲ್ಲ.

ಟ್ವೆನೆ ರಸ್ತೆಯ ಆಚೆ ಬದಿಯಲ್ಲೇ ತಗಡಿನ ಶೆಡ್ಡು ಹಾಕಿ, ನೀಲಿ ಬಣ್ಣದ ಹಲಗೆಯ ಮೇಲೆ ತನ್ನ ಹೆಸರು ಬರೆಸಿದ. ಮೊದಲು ಬಂದವನು ಬಾಫೊ. ಬಾಡಿಗೆ ವ್ಯಾನಿನಲ್ಲಿ ಜನರನ್ನು ತುಂಬಿಕೊಂಡು ಪೇಟೆಗೂ ಹಳ್ಳಿಗೂ ಓಡಾಡುವ ಡ್ರೈವರು, ಚಿಕ್ಕಂದಿನಿಂದಲೂ ಟ್ವೆನೆಯ ಗೆಳೆಯ. ಅಮ್ವಾಕೊ ಕಡೆ ಹೋಗುವ ವ್ಯಾನನ್ನು ಬೇಕೆಂದೇ ಇತ್ತ ತಿರುಗಿಸಿ, "ಇನ್ಮೇಲೆ ನನ್ ಗಾಡಿ ಮುಟ್ಟೋನು ನೀನೊಬ್ನೇ ಕಣೋ. ಹೆಂಡ್ತಿ ಮುಟ್ಟಿದ್ರೂ ಕೈ ಮುರೀತೀನಿ" ಎಂದು ನಕ್ಕ. ಪೆಟ್ರೋಲ್ ಪಂಪು ಸೋರುತ್ತಿತ್ತು. ಎಂಜಿನ್ನಿಗೆ ಪೆಟ್ರೋಲು ಹಾಯಿಸುವ ಆ ಪಂಪನ್ನು ಬಿಚ್ಚಿ ಹೊಸದು ಕೂರಿಸಬೇಕಿತ್ತು.

ಪಂಪಿನ ಜಾಯಿಂಟು ಬಿಗಿಯುವ ಮುಂಚೆ, ಸೋರದಂತೆ ಅದರ ತಿರುಪಿನ ಗೆರೆಗಳಿಗೆ, ಥ್ರೆಡ್ಡಿಗೆ, ಏನು ಹಾಕಬೇಕು ಎಂದು ಟ್ವೆನೆ ತಲೆ ಕೆಡಿಸಿಕೊಳ್ಳಲಿಲ್ಲ. ಬಿಡಿಭಾಗ ಮಾರುವ ಸೆರ್ವಾಳ ಅಂಗಡಿಗೆ ಹೋದ. ಪೆಟ್ರೋಲಿನ ಜಾಯಿಂಟಿಗೆ ಎಂದಾಗ ಅವಳು ಹಲಗೆಯ ಮೇಲೆ ಎರಡು ವಸ್ತು ಇಟ್ಟಳು. ಒಂದು ಬಿಳಿ ಟೇಪಿನ ಸುರುಳಿ. ಇನ್ನೊಂದು ಹೆಬ್ಬೆರಳಿನಷ್ಟುದ್ದದ ಕೆಂಪು ಪೇಸ್ಟಿನ ಟ್ಯೂಬು. ಅದರ ಬೆಲೆಯಲ್ಲಿ ಒಂದು ಬುಟ್ಟಿ ಟೇಪು ಬರುತ್ತಿತ್ತು.

"ನಿಮ್ಮ ಮೇಸ್ತ್ರಿ ಎರಡೂ ಒಯ್ತಾರೆ. ಯಾವ್ದು ಯಾತಕ್ಕೆ ಅಂತ ನಂಗೇನ್ ಗೊತ್ತು ತಮ್ಮಾ. ನೀನೇ ನೋಡ್ಕೊ."

ಟ್ವೆನೆ ಟ್ಯೂಬನ್ನು ಕೈಯಲ್ಲಿ ತಿರುಗಿಸಿ ನೋಡಿದ. ಮೇಸ್ತ್ರಿ ಪೆಟ್ರೋಲ್ ಜಾಯಿಂಟಿಗೆ ಟೇಪು ಸುತ್ತುವುದನ್ನು ಅವನು ಎಷ್ಟು ಸಲ ನೋಡಿಲ್ಲ! ಶಿಷ್ಯರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ಬಲಕ್ಕೆ ಎರಡು ಸುತ್ತು, ಮಗುವಿಗೆ ಬಟ್ಟೆ ಹೊದಿಸಿದಷ್ಟು ನಾಜೂಕಾಗಿ. ಈ ಕೆಂಪು ಪೇಸ್ಟು ಗ್ಯಾಸ್ಕೆಟ್ಟಿಗೋ ಯಾತಕ್ಕೋ ಇರಬೇಕು ಎಂದುಕೊಂಡ. "ನಮ್ ಮೇಸ್ತ್ರಿ ಕೈ ನೋಡ್ಕೊಂಡೇ ಬೆಳೆದೋನು ನಾನು ಅಕ್ಕಾ" ಎಂದು ಹೆಮ್ಮೆಯಿಂದ ಹೇಳಿ ಟೇಪನ್ನೇ ತೆಗೆದುಕೊಂಡ. ಎರಡು ಸುತ್ತು ಸುತ್ತಿ, ಸ್ಪ್ಯಾನರಿನಿಂದ ಬಿಗಿದು, ಬಟ್ಟೆಯಿಂದ ಒರೆಸಿದ. ಒಂದು ಹನಿಯೂ ಇರಲಿಲ್ಲ. ಬಾಫೊ ಹಾರ್ನು ಹೊಡೆಯುತ್ತಾ ಹೋದ.

ಟೇಪು ಕೆಲವು ವಾರ ತಡೆಯಿತು. ನಿಂತ ನಲ್ಲಿಗೆ ಸುತ್ತುವ ವಸ್ತು, ಕುಲುಕುವ ವ್ಯಾನಿನಲ್ಲಿ ಎಷ್ಟು ದಿನ ತಾಳೀತು? ಜಾಯಿಂಟು ಕೂದಲೆಳೆಯಷ್ಟು ಸಡಿಲವಾಗಿ, ಪೆಟ್ರೋಲು ಕಾದ ಸೈಲೆನ್ಸರ್ ಪೈಪಿನ ಮೇಲೆ ತೊಟ್ಟಿಕ್ಕಿತು. ವ್ಯಾನು ತುಂಬ ಜನರಿದ್ದಾಗ, ದಿಬ್ಬ ಹತ್ತುವಾಗ ಹೊತ್ತಿಕೊಂಡಿತು. ಪಕ್ಕದ ಬಾಗಿಲು ಕಚ್ಚಿಕೊಂಡಿತ್ತು. ಬಾಫೊ ಹೊರಗೆ ಹಾರಿದವನು ಮತ್ತೆ ಬಂದು, ಕೆಂಡವಾಗಿದ್ದ ತಗಡಿಗೆ ಎರಡೂ ಕೈ ಹಾಕಿ ಎಳೆದ. ಜನ ಉಳಿದರು. ಬಾಫೊನ ಬೆರಳುಗಳು ಉಳಿಯಲಿಲ್ಲ.

ಹಿರಿಯರು ಅದೇ ಬೇವಿನ ಮರದ ಕೆಳಗೆ ಕೂತರು. ಎಲ್ಲರಿಗಿಂತ ವಯಸ್ಸಾದ ಬದು ಎಂಬವನು ನಡುವೆ, ಅವನ ಪಕ್ಕದಲ್ಲಿ ಅಮ್ವಾಕೊ. ಬಾಫೊ ಎರಡೂ ಕೈಗಳ ಬಿಳಿ ಬ್ಯಾಂಡೇಜನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಂಚಿನ ತುದಿಯಲ್ಲಿದ್ದ. ತಪ್ಪು ಸಾಬೀತಾದರೆ ಶೆಡ್ಡು ಮುಚ್ಚಬೇಕು, ಸ್ವಂತವಾಗಿ ಯಾವ ಗಾಡಿಯನ್ನೂ ಮುಟ್ಟುವಂತಿಲ್ಲ, ಬದುಕಿರುವವರೆಗೂ ಇನ್ನೊಬ್ಬರ ಕೈಕೆಳಗೆ ದುಡಿಯಬೇಕು. ಸೆರ್ವಾಳನ್ನು ಕರೆಸಿ ಕೇಳಿದರು. ಎರಡನ್ನೂ ಮುಂದಿಟ್ಟಿದ್ದೆ, ಅವನೇ ಟೇಪು ಆರಿಸಿಕೊಂಡ ಎಂದು ಅವಳು ಇದ್ದದ್ದನ್ನೇ ಹೇಳಿದಳು.

ಬದು ಸುಟ್ಟ ಜಾಯಿಂಟನ್ನು ಹಿಡಿದು, ಉಗುರಿನಿಂದ ಥ್ರೆಡ್ಡಿನ ಸಂದಿಯನ್ನು ಕೆರೆದು, ಕರಿಗಟ್ಟಿದ ಒಂದು ಎಳೆ ತೆಗೆದ. ಇದು ನೀರಿನ ನಲ್ಲಿಗೆ ಸುತ್ತುವುದು, ಪೆಟ್ರೋಲಿಗೆ ಸುತ್ತು ಎಂದು ಯಾವ ಪುಣ್ಯಾತ್ಮ ಹೇಳಿಕೊಟ್ಟ ಎಂದು ಕೇಳಿದ. ಆಮೇಲೆ ಅಮ್ವಾಕೊ ಕಡೆ ತಿರುಗಿ, ನಿಮ್ಮಲ್ಲಿ ಏನು ಹಾಕುತ್ತೀರಿ ಎಂದ.

ಅಮ್ವಾಕೊ ಅಂಗಿಯ ಜೇಬಿನಿಂದ ಕೆಂಪು ಟ್ಯೂಬು ತೆಗೆದು ಬದುವಿನ ಅಂಗೈಯಲ್ಲಿಟ್ಟ. "ಇದನ್ನೇ. ಥ್ರೆಡ್ಡಿಗೆ ಸವರಿ ಬಿಗಿದ್ರೆ ಒಳಗೇ ಗಟ್ಟಿಯಾಗತ್ತೆ, ಗಾಡಿ ಎಷ್ಟು ಕುಲುಕಿದ್ರೂ ಅಲ್ಲಾಡಲ್ಲ. ನನ್ನ ಹುಡುಗ್ರಿಗೆಲ್ಲಾ ಹೇಳ್ಕೊಟ್ಟಿದ್ದೀನಿ. ಬೇಕಾದ್ರೆ ಅವನನ್ನೇ ಕೇಳಿ. ಇದೇ ಮರದ ಕೆಳಗೆ ಮೂರು ಸಲ ಹೇಳಿದ್ದಾನೆ."

ಟ್ವೆನೆಗೆ ಆ ಕ್ಷಣದಲ್ಲಿ ನೆನಪಾದದ್ದು ಕಸ. ಟೇಪು ಸುತ್ತಿ ತೋರಿಸಿದ ಕೂಡಲೇ ಮೇಸ್ತ್ರಿಗೆ ಹಸಿವಾಗುತ್ತಿತ್ತು. ಒಬ್ಬನನ್ನು ಮೆಕ್ಕೆಜೋಳದ ಕೆಂಕೆ ಉಂಡೆಗೆ, ಒಬ್ಬನನ್ನು ಮೀನಿಗೆ, ಒಬ್ಬನನ್ನು ನೀರಿಗೆ ಅಟ್ಟುತ್ತಿದ್ದ. ತಿರುಗಿ ಬರುವಷ್ಟರಲ್ಲಿ ಜಾಯಿಂಟು ಬಿಗಿದು ಆಗಿರುತ್ತಿತ್ತು. ಸಂಜೆ ನೆಲದ ಮೇಲೆ ಬಿಳಿ ಟೇಪಿನ ಸುರುಳಿ ಬಿದ್ದಿರುತ್ತಿತ್ತು, ಥ್ರೆಡ್ಡಿನ ಗೆರೆ ಗೆರೆ ಅಚ್ಚೊತ್ತಿದ್ದು. ಯಾರೂ ಇಲ್ಲದಾಗ ಪೇಸ್ಟು ಸವರಲೆಂದು ಮೇಸ್ತ್ರಿ ಬಿಚ್ಚಿ ಎಸೆದ ಟೇಪು. ಇಷ್ಟು ವರ್ಷ ಅದನ್ನು ಗುಡಿಸಿ ಹಾಕಿದವನು ತಾನೇ. ಇದೇಕೆ ಇಲ್ಲಿ ಬಿದ್ದಿದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಅಯ್ಯೋ ಮುಠ್ಠಾಳ, ಎಂದು ಅವನು ತನ್ನನ್ನೇ ಬೈದುಕೊಂಡ.

ಬಾಯಿ ತೆರೆದ. ಅಮ್ವಾಕೊ ಅವನನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಮೇಸ್ತ್ರಿ ಮುಚ್ಚಿಟ್ಟಿದ್ದ ಎಂದರೆ, ಮೂರು ಸಲ ಇಲ್ಲ ಎಂದವನು ಯಾರು ಎನ್ನುತ್ತಾರೆ. ಸತ್ತವರಿಗೆ ಕುಡಿಸಿದ್ದು ಸುಳ್ಳಿನ ಜಿನ್ನೇ ಎನ್ನುತ್ತಾರೆ. ಆಮೇಲೆ ಶೆಡ್ಡಲ್ಲ, ಊರನ್ನೇ ಬಿಡಬೇಕು.

"ಏನಯ್ಯಾ? ಗುರುವಿಗೇ ತಿರುಮಂತ್ರ ಹಾಕೋಕೆ ಹೊರಟ್ಯಾ?" ಎಂದು ಬದು ಗದರಿದ. "ಮುಚ್ಚಿಟ್ಟಿದ್ರಾ ಇಲ್ವಾ, ಅದನ್ ಹೇಳು."

"ಇಲ್ಲ" ಎಂದ ಟ್ವೆನೆ. "ಏನೂ ಮುಚ್ಚಿಟ್ಟಿರ್ಲಿಲ್ಲ."

ಆಗ ಬಾಫೊ ತಲೆ ಎತ್ತಿದ.

"ಹಂಗಾದ್ರೆ ಗೊತ್ತಿತ್ತಾ ನಿಂಗೆ? ಗೊತ್ತಿದ್ದೂ ನನ್ ಗಾಡಿಗೆ ಟೇಪ್ ಸುತ್ತಿದ್ಯಾ?"

ಟ್ವೆನೆ ಗೆಳೆಯನ ಕಣ್ಣು ನೋಡಲಾರದೆ ಬ್ಯಾಂಡೇಜು ನೋಡಿದ. ಮೇಸ್ತ್ರಿಗೆ ಕೊಟ್ಟ ಮಾತು ಗೆಳೆತನದ ಕುತ್ತಿಗೆಗೇ ಬಂದಿತ್ತು. ಮುಚ್ಚಿಟ್ಟಿಲ್ಲ ಎಂದ ಮೇಲೆ ಗೊತ್ತಿರಲಿಲ್ಲ ಎನ್ನುವಂತಿರಲಿಲ್ಲ, ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿಸದೆ ದಾರಿಯಿರಲಿಲ್ಲ.

"ಗೊತ್ತಿತ್ತು. ಅಗ್ಗ ಅಂತ ಹಾಕ್ದೆ."

ಬಾಫೊ ಎದ್ದ. ಬೆಂಚಿನ ಕೆಳಗೆ ಬಿಟ್ಟಿದ್ದ ಚಪ್ಪಲಿಯೊಳಕ್ಕೆ ಕಾಲು ತೂರಿಸಲು ನೋಡಿದ, ಪಟ್ಟಿ ಮಡಚಿಕೊಂಡಿತ್ತು, ಕೈಯಿಂದ ಸರಿಮಾಡಿಕೊಳ್ಳುವಂತಿರಲಿಲ್ಲ. ಟ್ವೆನೆ ಬಗ್ಗಿದ. "ಮುಟ್ಬೇಡ" ಎಂದು ಬಾಫೊ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಒಂದು ಕಾಲು ಬರಿದಾಗಿಯೇ ಕಾದ ರಸ್ತೆಯ ಮೇಲೆ ನಡೆದು ಹೋದ.

ತೀರ್ಪು ಹೇಳುವುದು ತಡವಾಗಲಿಲ್ಲ. ಇಂಥವನನ್ನು ಯಾರು ಸೇರಿಸುತ್ತಾರೆ ಎಂಬ ಪ್ರಶ್ನೆ ಬಂದಾಗ ಅಮ್ವಾಕೊ ಎದ್ದು ನಿಂತು, ಎಷ್ಟಾದರೂ ತಾನು ಸಾಕಿದ ಹುಡುಗ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ, ತನ್ನಲ್ಲೇ ಇರಲಿ ಎಂದ. ಹಿರಿಯರು ಅವನ ದೊಡ್ಡ ಮನಸ್ಸನ್ನು ಹೊಗಳಿದರು. ಸೆರ್ವಾ ಹೊದ್ದ ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡಳು. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎನ್ನುತ್ತಾರೆ. ಅಲ್ಲಿ ಆಡುವವರೇ ಇರಲಿಲ್ಲ.

ಸೋಮವಾರ ಟ್ವೆನೆ ಹಳೆಯ ಜಾಗಕ್ಕೇ ಬಂದ. ರಸ್ತೆಯಾಚೆ ಅವನ ನೀಲಿ ಹಲಗೆಯನ್ನು ಯಾರೋ ಬಿಚ್ಚಿ, ಹೆಸರು ಕೆಳಗಾಗಿ ಕೊಚ್ಚೆಯ ಮೇಲೆ ಹಾಸಿ ಹಾಯಲು ದಾರಿ ಮಾಡಿಕೊಂಡಿದ್ದರು. ಊಟದ ಹೊತ್ತಿಗೆ ಒಂದು ಟ್ಯಾಕ್ಸಿ ಬಂತು, ಪೆಟ್ರೋಲ್ ಪಂಪು ಸೋರುತ್ತಿತ್ತು. ಅಮ್ವಾಕೊ ಎಲ್ಲರನ್ನೂ ಹತ್ತಿರ ಕರೆದು, ಥ್ರೆಡ್ಡಿನ ಮೇಲೆ ಬಿಳಿ ಟೇಪನ್ನು ನಾಜೂಕಾಗಿ ಬಲಕ್ಕೆ ಎರಡು ಸುತ್ತು ಸುತ್ತಿ ತೋರಿಸಿದ. ಆಮೇಲೆ ಹೊಟ್ಟೆ ಸವರಿಕೊಂಡು ಒಬ್ಬೊಬ್ಬರನ್ನೇ ಒಂದೊಂದು ಕೆಲಸಕ್ಕೆ ಅಟ್ಟಿದ. ಟ್ವೆನೆ ಮಾತ್ರ ನಿಂತೇ ಇದ್ದ.

"ಕೆಂಕೆ ತಗೊಂಡ್ ಬಾ ಹೋಗು" ಎಂದ ಅಮ್ವಾಕೊ, ಮೆಲ್ಲಗೆ. "ಮೀನು ದೊಡ್ಡದಿರ್ಲಿ."

ಟ್ವೆನೆ ಒಂದು ಗಳಿಗೆ ಅವನ ಜೇಬನ್ನು ನೋಡಿದ. ಆಮೇಲೆ ಮೂಲೆಯಲ್ಲಿದ್ದ ಬೋಗುಣಿ ತೆಗೆದುಕೊಂಡು ಹೋದ.

ತಿರುಗಿ ಬಂದಾಗ ಜಾಯಿಂಟು ಬಿಗಿದಾಗಿತ್ತು, ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು. ಮೇಸ್ತ್ರಿ ಕೈ ತೊಳೆದು ಕೂತು, ಮೀನಿನ ಮುಳ್ಳು ಬಿಡಿಸಿ ತಿನ್ನತೊಡಗಿದ. ಟ್ಯಾಕ್ಸಿಯ ಮುಂದಿನ ಗಾಲಿಯ ಬಳಿ ಟೇಪು ಸುರುಳಿ ಸುತ್ತಿ ಬಿದ್ದಿತ್ತು, ಮೈತುಂಬ ಗೆರೆಗಳು. ಹೊರಗೆ ಹೋದವರು ಬರುವ ಸದ್ದು ಕೇಳಿಸಿತು. ಟ್ವೆನೆ ಪೊರಕೆ ತಂದು, ಅವರು ಒಳಗೆ ಬರುವ ಮುಂಚೆ ಅದನ್ನು ಗುಡಿಸಿ ಚರಂಡಿಗೆ ಹಾಕಿದ.