ಹಸಿರಾದ ಮೊಳಕೆ

ನಮ್ಮ ಮನೆತನದಲ್ಲಿ ಮದುವೆಗೆ ಒಂಬತ್ತು ದಿನ ಮುಂಚೆ ಹೆಣ್ಣಿನ ಹೆಸರಿನಲ್ಲಿ ಮಡಕೆಗೆ ಮಣ್ಣು ತುಂಬಿ, ಜೋಳ ಬಿತ್ತಿ, ಕತ್ತಲೆ ಕೋಣೆಯಲ್ಲಿಡುತ್ತಿದ್ದರು. ನೀರು ಚಿಮುಕಿಸಲು ಮದುಮಗಳೊಬ್ಬಳೇ ಒಳಗೆ ಹೋಗಬೇಕು. ಮೊಳಕೆ ಬಂಗಾರದ ಬಣ್ಣಕ್ಕೆ ಬಂದರೆ ಹೆಣ್ಣು ಹೋದ ಮನೆ ಬೆಳಗುತ್ತದೆ, ಹಸಿರಾದರೆ ದೋಷ. ಹಸಿರಾದದ್ದನ್ನು ಕಂಡವರೇ ಇರಲಿಲ್ಲ. ಕತ್ತಲೆಯಲ್ಲಿ ಹಸಿರು ಎಲ್ಲಿಂದ ಬರಬೇಕು?

ಇದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹಾಸನದಲ್ಲಿ ಸೋದರಮಾವನ ಮನೆಯಲ್ಲಿದ್ದು ಮಿಡ್ಲ್ ಸ್ಕೂಲು ಓದಿದವಳು ನಾನು. ಮೇಷ್ಟ್ರು ಗಿಡದ ಎಲೆಯೊಂದರ ಅರ್ಧಕ್ಕೆ ಎರಡು ದಿನ ಕಪ್ಪು ಕಾಗದ ಸುತ್ತಿಟ್ಟು, ಆಮೇಲೆ ಅದನ್ನು ಸ್ಪಿರಿಟ್ಟಿನಲ್ಲಿ ಬೇಯಿಸಿ, ಹಿಟ್ಟಿದ್ದ ಕಡೆ ಬಣ್ಣ ತಿರುಗಿಸುವ ಟಿಂಚರ್ ಅಯೋಡಿನ್ ಹಾಕಿದ್ದರು. ಬಿಸಿಲು ಕಂಡ ಅರ್ಧ ಕಪ್ಪುನೀಲಿಯಾಯಿತು, ಮುಚ್ಚಿದ್ದ ಅರ್ಧ ಆಗಲಿಲ್ಲ.

"ಎಲೆಯೇ ಗಿಡದ ಅಡುಗೆಮನೆ. ಬೇರಿನ ನೀರು, ಗಾಳಿಯಲ್ಲಿರೋ ಇಂಗಾಲದ ಅನಿಲ, ಇವೆರಡನ್ನೂ ಎಲೆಯ ಹಸಿರು ಬಿಸಿಲು ಹಿಡಿದು ಸಕ್ಕರೆ, ಹಿಟ್ಟು ಮಾಡುತ್ತೆ. ನೀವು ತಿನ್ನೋ ಮುದ್ದೆಯೊಳಗೆ ಇರೋದು ಬಿಸಿಲೇ" ಅಂದಿದ್ದರು. ಕತ್ತಲೆಯ ಸಸಿ ಕಾಳಿನೊಳಗಿನ ಬುತ್ತಿ ತಿಂದು, ಬೆಳಕು ಹುಡುಕುತ್ತ ಉದ್ದವಾಗಿ ಹಳದಿಯಾಗುತ್ತದೆ. ಬುತ್ತಿ ಮುಗಿದ ಮೇಲೆ ಸಾಯುತ್ತದೆ. ನಮ್ಮವರು ಹಸಿವನ್ನು ಬಂಗಾರವೆಂದು ನಂಬಿಕೊಂಡಿದ್ದರು.

ನನಗೆ ಗೊತ್ತುಮಾಡಿದ ಗಂಡು ಕಟ್ಟಾಯದ ಚಂದ್ರಶೇಖರಯ್ಯ, ಹೆಂಡತಿ ಸತ್ತ ನಲವತ್ತೈದರವನು. ನನಗೆ ಹದಿನಾರು. ಅತ್ತು ಕರೆದು ಉಪವಾಸ ಕೂತೆ. ಅಪ್ಪ ಪರಮಶಿವಯ್ಯನವರು ಜಗ್ಗಲಿಲ್ಲ. ಸರಿ, ನಿಮ್ಮ ಮಡಕೆಯಿಂದಲೇ ನಿಮಗೆ ಪಾಠ ಕಲಿಸುತ್ತೇನೆ ಅಂದುಕೊಂಡು, ನೀರು ಹಾಕುವ ನೆಪದಲ್ಲಿ ಆ ಕೋಣೆಯ ಅಟ್ಟ ಹತ್ತಿ ಎರಡು ಹೆಂಚು ಸರಿಸಿದೆ. ಮಡಕೆಯ ಮೇಲೆ ಬಿಸಿಲು ಬಿತ್ತು. ಎರಡು ದಿನಕ್ಕೆ ಹಳದಿ ಹೋಗಿ ಗಿಳಿಹಸಿರು ಬಂತು. ಖುಷಿಗೆ ಅಳುವೇ ಬಂದುಬಿಟ್ಟಿತು.

ಒಂಬತ್ತನೆಯ ಬೆಳಿಗ್ಗೆ ಕೊಣನೂರಿನ ನಮ್ಮ ಮನೆ ಮುಂದಿನ ಚಪ್ಪರದಲ್ಲಿ, ಎರಡೂ ಕಡೆಯವರೆದುರು ಅಜ್ಜಿ ಗುರುಸಿದ್ದಮ್ಮ ಮಡಕೆ ತಂದಿಟ್ಟು ಎದೆ ಬಡಿದುಕೊಂಡಳು.

"ಅಸ್ರು ಬಂದ್ಬುಟ್ಟದೆ ಕಣ್ಲಾ ಪರಮಶಿವ! ಗಂಗಾಂಬಿಕೆನ ಕಳ್ಸಬ್ಯಾಡ."

ನಾನು ತಲೆ ತಗ್ಗಿಸಿ ನಗು ತಡೆದುಕೊಂಡೆ.

ಚಂದ್ರಶೇಖರಯ್ಯ ಎದ್ದು ನಿಂತ. "ನೆಂಟ್ರೆಲ್ಲ ಬಂದವ್ರೆ. ಬರಿಗೈಲಿ ಎಂಗೆ ಓಗಾದು? ಚಿಕ್ಕೋಳ್ನ ಕೊಡಿ ಸ್ವಾಮಿ."

ಚಿಕ್ಕವಳೆಂದರೆ ನನ್ನ ತಂಗಿ ಪ್ರೇಮಕುಮಾರಿ. ಹದಿನಾಲ್ಕು ವರ್ಷ. ಅವಳ ಹೆಸರಿನಲ್ಲಿ ಮಡಕೆ ಇಡುವ ಪುರಸೊತ್ತು ಯಾರಿಗೂ ಇರಲಿಲ್ಲ. ಶಾಸ್ತ್ರ ಬೇಕಾದಾಗ ಬೇಕು, ಬೇಡವಾದಾಗ ಬೇಡ.

"ಆಗ್ಲಿ" ಅಂದರು ಅಪ್ಪ.

ಹೆಂಚು ಸರಿಸಿದ್ದು ನಾನೇ ಎಂದಿದ್ದರೆ ಅವಳು ಉಳಿಯುತ್ತಿದ್ದಳು, ನಾನು ಹೋಗಬೇಕಾಗುತ್ತಿತ್ತು. ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಮತ್ತೆ ಮುಚ್ಚಿಕೊಂಡೆ. ನನ್ನಂಥ ಹೇಡಿ ಆ ಚಪ್ಪರದಲ್ಲಿ ಇನ್ನೊಬ್ಬಳಿರಲಿಲ್ಲ.

ನಾಲ್ಕು ವರ್ಷದ ಮೇಲೆ, ಸಾವಿರದ ಒಂಬೈನೂರ ನಲವತ್ತೆರಡರಲ್ಲಿ, ಅವಳು ಹೆರಿಗೆಯಲ್ಲಿ ತೀರಿಕೊಂಡಳು. ಹೆಣ್ಣುಕೂಸು ಉಳಿಯಿತು. ದೋಷದ ಹುಡುಗಿಯೆಂದು ನನ್ನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೂಸನ್ನು ಸಾಕಲು ಜನ ಬೇಕೆಂದು ಚಂದ್ರಶೇಖರಯ್ಯನೇ ನನ್ನನ್ನು ಕೇಳಿಕೊಂಡು ಬಂದ. ಈ ಸಲ ದೋಷದ ಮಾತನ್ನು ಅವನೂ ಎತ್ತಲಿಲ್ಲ, ಅಜ್ಜಿಯೂ ಎತ್ತಲಿಲ್ಲ. ನಾನೂ ಬೇಡವೆನ್ನದೆ ಗಾಡಿ ಹತ್ತಿದೆ.

ನನ್ನ ಬದಲು ಹೋಗಿ ಸತ್ತವಳ ಮಗಳು ಈಗ ನನ್ನನ್ನು ಅವ್ವ ಎನ್ನುತ್ತಾಳೆ. ಕರೆದಾಗಲೆಲ್ಲ ಸತ್ತುಹೋಗಬೇಕೆನಿಸುತ್ತದೆ.